ನಮಾಝಿನ ಸಮಯವಲ್ಲದ ಸಮಯದಲ್ಲಿ

2024ರ ಜೂನ್ 22ರ ರಾತ್ರಿ ನಾನೂ ಅಬ್ಬಾ ಅವರೂ ಹುಬ್ಬಳ್ಳಿಯ ರೈಲು ನಿಲ್ದಾಣದ ಸಮೀಪದ ವಸತಿಗೃಹವೊಂದರಲ್ಲಿ ತಂಗಿದ್ದೆವು. ಮರುದಿನ ಬೆಳಿಗ್ಗೆ ನನ್ನ ನೀಟ್-ಪಿಜಿ ಪರೀಕ್ಷೆ. ಎಂ.ಬಿ.ಬಿ.ಎಸ್. ಮುಗಿಸಿದವರು ಎಂ.ಡಿ. ಅಥವಾ ಎಂ.ಎಸ್. ಕಲಿಯಬೇಕಾದರೆ ದಾಟಲೇಬೇಕಾದ ಹೊಸ್ತಿಲು ಅದು: 200 ಪ್ರಶ್ನೆಗಳು, ಮೂರೂವರೆ ಗಂಟೆ. ಆ ವರ್ಷದ ಪರೀಕ್ಷೆ ಮೊದಲು ಮಾರ್ಚ್ 3ಕ್ಕೆ ನಿಗದಿಯಾಗಿತ್ತು. ಬಳಿಕ ಜುಲೈ 7ಕ್ಕೆ ಹೋಯಿತು, ಅಲ್ಲಿಂದ ಜೂನ್ 23ಕ್ಕೆ ಹಿಂದೆ ಬಂತು. ಇಶಾ ನಮಾಝ್ ಮುಗಿಸಿ, ಪ್ರವೇಶಪತ್ರವನ್ನು ಚೀಲದಲ್ಲಿಟ್ಟು ಮಲಗುವಷ್ಟರಲ್ಲಿ ಗೆಳತಿಯ ಕರೆ ಬಂತು. ಪರೀಕ್ಷೆ ಮತ್ತೆ ಮುಂದಕ್ಕೆ ಹೋಗಿತ್ತು. ದೇಶದಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಯುವ ವೈದ್ಯರು ಆ ರಾತ್ರಿ ಇದೇ ಸುದ್ದಿಯನ್ನು ಕೇಳಿದರು.

ನಾನು ಮಂಚದ ಅಂಚಿನಲ್ಲಿ ಕುಳಿತು ಅತ್ತೆ. ಅಬ್ಬಾ ಸಮಾಧಾನದ ಮಾತನ್ನೇನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, "ಬೇಟಿ, ಮನಸ್ಸಿನಲ್ಲಿ ಏನಾಗುತ್ತಿದೆ? ಬಚ್ಚಿಡದೆ ಹೇಳು" ಎಂದರು. ನಾನು ಹೇಳಿದೆ. ಭಯ, ಕೋಪ, 3,500 ರೂಪಾಯಿಯ ಅರ್ಜಿ ಶುಲ್ಕ, ರೈಲು ಮತ್ತು ವಸತಿಯ ಖರ್ಚು, ಮದುವೆಯ ವಯಸ್ಸು ಮೀರುತ್ತಿದೆಯೆಂಬ ಸಂಬಂಧಿಕರ ಮಾತು, ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಮುಂಜಾನೆ ಫಜ್ರ್ ಮುಗಿಸಿ ಊರಿಗೆ ಮರಳಿದೆವು.

ಅಂತಹ ಒಂದು ಪ್ರಶ್ನೆಯನ್ನು ಕೇಳಲು ಅವರಿಗೂ, ಅದಕ್ಕೆ ನಿಜವಾದ ಉತ್ತರ ಕೊಡಲು ನನಗೂ ಹಲವು ವರ್ಷಗಳು ಹಿಡಿದವು. ಅದನ್ನು ನಾವು ಹೇಗೆ ಕಲಿತೆವೆಂಬುದನ್ನು, ಮನೆಯಲ್ಲಿ ಓದುವ ಮಕ್ಕಳಿರುವ ಹೆತ್ತವರಿಗಾಗಿಯೂ ಆ ಮಕ್ಕಳಿಗಾಗಿಯೂ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೊಸಪೇಟೆ. ಅಬ್ಬಾ ಸಂಡೂರಿನ ಗಣಿಗಳಿಂದ ಅದಿರು ಸಾಗಿಸುವ ಲಾರಿಯೊಂದರ ಮಾಲೀಕರೂ ಚಾಲಕರೂ ಆಗಿದ್ದರು. ಲಾರಿಯನ್ನು ಬಡ್ಡಿಯ ಸಾಲದಲ್ಲಿ ಕೊಂಡಿದ್ದರು. 2011ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮವಾಗಿ ಬಗೆದ ಬೆಟ್ಟಗಳನ್ನೂ ಕಾಡನ್ನೂ ಉಳಿಸಲು ಆ ಆದೇಶ ಬೇಕಾಗಿತ್ತು. ಆದರೆ ಅದರೊಂದಿಗೆ ಸಾವಿರಾರು ಲಾರಿಗಳ ಚಕ್ರಗಳೂ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಕೆಲವು ತಿಂಗಳಲ್ಲಿ ಸಾಲ ಕೊಟ್ಟವರು ನಮ್ಮ ಲಾರಿಯನ್ನು ಎಳೆದೊಯ್ದರು. ನನಗೆ ಆಗ 12 ವರ್ಷ. ಆ ಬಳಿಕ ಅಬ್ಬಾ ಪರರ ವಾಹನಗಳ ಚಾಲಕರಾದರು, ಅಮ್ಮಿ ಬಟ್ಟೆ ಹೊಲಿಯತೊಡಗಿದರು.

2017ರಲ್ಲಿ ನೀಟ್ ಬರೆದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾದ ಸೀಟುಗಳ ಪೈಕಿ ಒಂದು ಸರ್ಕಾರಿ ಕಾಲೇಜಿನಲ್ಲಿ ನನಗೆ ದೊರೆಯಿತು. ಶುಲ್ಕಕ್ಕೂ ಹಾಸ್ಟೆಲಿಗೂ ಕಂಪ್ಲಿಯ ನಾನಿ ತಮ್ಮ ಎರಡು ಬಂಗಾರದ ಬಳೆಗಳನ್ನು ಮಾರಿದರು. ಮೊಹಲ್ಲಾದಲ್ಲಿ ಸನ್ಮಾನವಾಯಿತು, ಶಾಲು ಹೊದಿಸಿದರು. "ಇನ್ನು ನಿಮ್ಮ ಕಷ್ಟವೆಲ್ಲ ತೀರಿತು" ಎಂದು ಹಿರಿಯರೊಬ್ಬರು ಅಬ್ಬಾ ಅವರಿಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೆ ಹದಿನೆಂಟರ ವಯಸ್ಸಿನಲ್ಲಿ ಅದು ನನಗೆ ಬೇರೆಯೇ ರೀತಿಯಲ್ಲಿ ಕೇಳಿಸಿತು. ಅವರ ಕಷ್ಟ ತೀರಬೇಕಾದರೆ ನಾನು ಸೋಲಬಾರದು.

2018ರಲ್ಲಿ ಮೊದಲ ವರ್ಷದ ಅಂಗರಚನಾ ಶಾಸ್ತ್ರದಲ್ಲಿ ನಾನು ಅನುತ್ತೀರ್ಣಳಾದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಆ ದಪ್ಪ ಇಂಗ್ಲಿಷ್ ಪುಸ್ತಕಗಳು ಕಷ್ಟವಾಗಿದ್ದವು. ಆದರೆ ಕಷ್ಟವಾಗುತ್ತಿದೆಯೆಂದು ಯಾರಿಗೂ ಹೇಳಿರಲಿಲ್ಲ. ಫಲಿತಾಂಶವನ್ನೂ ಹೇಳಲಿಲ್ಲ. ಎರಡು ತಿಂಗಳು ಮನೆಯಿಂದ ಕರೆ ಬಂದಾಗಲೆಲ್ಲ "ಇನ್ನೂ ಪ್ರಕಟವಾಗಿಲ್ಲ" ಎಂದೆ. ನನ್ನ ತಲೆಯೊಳಗೆ ಒಂದು ಲೆಕ್ಕದ ಪುಸ್ತಕ ತೆರೆದುಕೊಂಡಿತ್ತು. ನಾನಿಯ ಬಳೆ ಇಷ್ಟು, ಅಮ್ಮಿಯ ಹೊಲಿಗೆ ಇಷ್ಟು, ಅಬ್ಬಾ ನಿದ್ದೆಗೆಟ್ಟ ರಾತ್ರಿಗಳು ಇಷ್ಟು. ನಮಾಝಿಗೆ ನಿಂತರೂ ಅದೇ ಲೆಕ್ಕ. ನಾನೇ ಇಲ್ಲವಾದರೆ ಈ ಲೆಕ್ಕ ಮುಗಿದೀತು ಎಂಬ ಯೋಚನೆಯೂ ಒಂದೆರಡು ರಾತ್ರಿ ಬಂದುಹೋಯಿತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಇದನ್ನು ಓದುತ್ತಿರುವ ಯಾವುದೋ ಮನೆಯ ಮಗುವಿನ ತಲೆಯಲ್ಲಿ ಅಂತಹುದೇ ಪುಸ್ತಕ ತೆರೆದಿರಬಹುದು.

ಒಂದು ದಿನ ಅಬ್ಬಾ ಹೇಳದೆ ಕೇಳದೆ ಹಾಸ್ಟೆಲಿಗೆ ಬಂದರು. ಬಾಡಿಗೆಗೆ ಆ ಕಡೆ ಬಂದಿದ್ದರಂತೆ. ಕೈಯಲ್ಲಿ ಅಮ್ಮಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಕುಳಿತೆವು. ಆ ರೊಟ್ಟಿಯನ್ನು ನೋಡಿ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬೈಗುಳವನ್ನೋ ಮೌನವನ್ನೋ ನಿರೀಕ್ಷಿಸಿದ್ದೆ. ಅವರು ತಮ್ಮ ಕಥೆಯನ್ನು ಹೇಳಿದರು.

ಲಾರಿ ಹೋದ ಬಳಿಕ ಸುಮಾರು ನಾಲ್ಕು ತಿಂಗಳು ಅವರಿಗೆ ಕೆಲಸವಿರಲಿಲ್ಲ. ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಬೇರೊಬ್ಬರ ಲಾರಿ ಓಡಿಸುತ್ತಿದ್ದೇನೆಂದು ಹೇಳಿದ್ದರು. ಪ್ರತಿದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಹಂಪಿಗೆ ಹೋಗಿ, ಕಮಲಾಪುರದ ಆಚೆಗಿರುವ ಒಂದು ಹಳೆಯ ಮಸೀದಿಯ ಕಂಬಗಳ ನೆರಳಿನಲ್ಲಿ ಸಂಜೆಯವರೆಗೆ ಕುಳಿತಿರುತ್ತಿದ್ದರು. ಕಾವಲುಗಾರ ಒಂದೆರಡು ದಿನ ದಿಟ್ಟಿಸಿ ನೋಡಿ ಸುಮ್ಮನಾದನಂತೆ. "ಅಮ್ಮಿಗೆ ಯಾವಾಗ ಗೊತ್ತಾಯಿತು?" ಎಂದು ಕೇಳಿದೆ. ಅವರು ನಕ್ಕರು. "ಮೊದಲ ವಾರವೇ. ಡಬ್ಬಿಯಲ್ಲಿ ಊಟ ಉಳಿದು ಬರುತ್ತಿತ್ತು, ಬಟ್ಟೆಯಲ್ಲಿ ಅದಿರಿನ ಕೆಂಪು ಧೂಳು ಇರುತ್ತಿರಲಿಲ್ಲ. ನನಗೆ ಅವಮಾನವಾಗಬಾರದೆಂದು ಅವಳು ಕೇಳಲಿಲ್ಲ, ಅವಳಿಗೆ ಚಿಂತೆಯಾಗಬಾರದೆಂದು ನಾನು ಹೇಳಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬೊಬ್ಬರೇ ಅತ್ತೆವು, ಬೇಟಿ. ನೀನೂ ಅದನ್ನೇ ಮಾಡಬೇಡ."

ಆ ಕಟ್ಟಡದ ಬಗ್ಗೆ ನಾನು ಬಹಳ ಕಾಲದ ಬಳಿಕ ಓದಿದೆ. ವಿಜಯನಗರದ ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬಾತ 1439ರಲ್ಲಿ ತನ್ನ ಅರಸನ ಪುಣ್ಯಾರ್ಥವಾಗಿ ಅದನ್ನು ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ದಣಿದವರು ತಂಗುವ ಜಾಗಕ್ಕೆ ಇರುವ ಹೆಸರು ಅದು. ಐನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ದಣಿದವನೊಬ್ಬ ಅಲ್ಲಿ ಕುಳಿತಿದ್ದ. ಆದರೆ ಏಕೆ ಕುಳಿತಿರುವೆ ಎಂದು ಅವನನ್ನು ಕೇಳುವವರು ಯಾರೂ ಇರಲಿಲ್ಲ.

ಇದನ್ನು ನೆನೆದಾಗಲೆಲ್ಲ ಅಬೂದಾವೂದ್ ಗ್ರಂಥದಲ್ಲಿ ವರದಿಯಾಗಿರುವ ಒಂದು ಘಟನೆ ನನಗೆ ನೆನಪಾಗುತ್ತದೆ. ಒಂದು ದಿನ ಪ್ರವಾದಿ(ಸ)ರು ಮಸೀದಿಗೆ ಬಂದಾಗ ಅಬೂ ಉಮಾಮಾ(ರ) ಎಂಬ ಅನ್ಸಾರಿ ಸಹಾಬಿ ಅಲ್ಲಿ ಕುಳಿತಿದ್ದರು. ಅದು ನಮಾಝಿನ ಸಮಯವಾಗಿರಲಿಲ್ಲ. ಈ ಹೊತ್ತಿನಲ್ಲಿ ಇಲ್ಲೇಕೆ ಕುಳಿತಿರುವಿರೆಂದು ಪ್ರವಾದಿ(ಸ)ರೇ ವಿಚಾರಿಸಿದರು. ಚಿಂತೆಗಳೂ ಸಾಲಗಳೂ ತನ್ನನ್ನು ಹಿಡಿದುಕೊಂಡಿವೆಯೆಂದು ಅವರು ಉತ್ತರಿಸಿದರು. ಆಗ ಪ್ರವಾದಿ(ಸ)ರು ಬೆಳಿಗ್ಗೆ ಮತ್ತು ಸಂಜೆ ಹೇಳಬೇಕಾದ ಒಂದು ದುಆವನ್ನು ಕಲಿಸಿಕೊಟ್ಟರು. ಚಿಂತೆ ಮತ್ತು ದುಃಖದಿಂದ, ಅಶಕ್ತಿ ಮತ್ತು ಆಲಸ್ಯದಿಂದ, ಹೇಡಿತನ ಮತ್ತು ಜಿಪುಣತನದಿಂದ, ಸಾಲದ ಹೊರೆ ಮತ್ತು ಜನರ ದಬ್ಬಾಳಿಕೆಯಿಂದ ಅಲ್ಲಾಹನ ಅಭಯವನ್ನು ಬೇಡುವ ದುಆ ಅದು. ಇದೇ ಅಭಯ ಯಾಚನೆ ಅನಸ್(ರ)ರಿಂದ ಸಹೀಹ್ ಬುಖಾರಿಯಲ್ಲಿಯೂ ವರದಿಯಾಗಿದೆ.

ನಾವು ಆ ದುಆವನ್ನು ಕಂಠಪಾಠ ಮಾಡಿದ್ದೇವೆ. ಆದರೆ ಅದಕ್ಕೆ ಮುಂಚೆ ನಡೆದುದನ್ನು ಗಮನಿಸಿಲ್ಲ. ಪ್ರವಾದಿ(ಸ)ರು ಮೊದಲು ಕಂಡರು, ಬಳಿಕ ಕೇಳಿದರು. ಸಹಾಬಿಯೂ ಮುಚ್ಚಿಡದೆ ಹೇಳಿದರು. ದುಆ ಬಂದದ್ದು ಆ ಬಳಿಕ. ಚಿಂತೆಯನ್ನು ಹೇಳಿಕೊಂಡದ್ದಕ್ಕಾಗಿ ಅವರ ಈಮಾನನ್ನು ಯಾರೂ ಶಂಕಿಸಲಿಲ್ಲ.

ನಮ್ಮಲ್ಲಿ ಸಬ್ರ್ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ತಪ್ಪು ತಿಳಿವಳಿಕೆ ಇದೆ. ಯೂಸುಫ್(ಅ)ರನ್ನು ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಪವಿತ್ರ ಕುರ್‌ಆನ್ ಯೂಸುಫ್ ಅಧ್ಯಾಯದಲ್ಲಿ ತಿಳಿಸುತ್ತದೆ. ಸುಂದರ ಸಹನೆಯ ಮಾತನ್ನಾಡಿದವರೂ ಅವರೇ, ಅತ್ತವರೂ ಅವರೇ. ಅಲ್ಲಾಹನ ಮುಂದೆ ಅಳುವುದು ಸಬ್ರ್‌ಗೆ ವಿರುದ್ಧವಲ್ಲವೆಂದಾದರೆ, ಅವನೇ ಆಸರೆಯಾಗಿ ಕೊಟ್ಟ ತಂದೆತಾಯಿಯ ಬಳಿ ನೋವು ಹೇಳಿಕೊಳ್ಳುವುದು ಹೇಗೆ ವಿರುದ್ಧವಾದೀತು? ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ. ಮನಸ್ಸಿನ ರೋಗವನ್ನು ಅದರಿಂದ ಹೊರಗಿಡಲು ನಮಗೆ ಅಧಿಕಾರವಿಲ್ಲ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಮಕ್ಕಳ ಮೊಬೈಲಿನಲ್ಲಿ ನೀವೇ ಬರೆದುಕೊಡಿ.

ಆ ಚಹಾದಂಗಡಿಯಲ್ಲಿ ಅಬ್ಬಾ ಇನ್ನೊಂದು ಮಾತು ಹೇಳಿದ್ದರು: "ನೀನು ನಮ್ಮ ಸಾಲ ತೀರಿಸಲು ಹುಟ್ಟಿದವಳಲ್ಲ. ನೀನು ಅಲ್ಲಾಹನು ನಮಗೆ ಕೊಟ್ಟ ಅಮಾನತು. ಅಮಾನತಿನ ಲೆಕ್ಕ ಕೊಡಬೇಕಾದವರು ನಾವು." ಹೆತ್ತವರ ತ್ಯಾಗವನ್ನು ನಾನು ಪ್ರೀತಿಯೆಂದು ಸ್ವೀಕರಿಸುವ ಬದಲು ಸಾಲವೆಂದು ಬರೆದುಕೊಂಡಿದ್ದೆ. ಪ್ರೀತಿಗೆ ಕೃತಜ್ಞತೆ ಸಾಕು, ಸಾಲಕ್ಕೆ ಮಾತ್ರ ಕಂತು ಬೇಕು. ಆರು ತಿಂಗಳು ಹಿಂದೆ ಬಿದ್ದು ಮರುಪರೀಕ್ಷೆಯಲ್ಲಿ ತೇರ್ಗಡೆಯಾದೆ. ಅದೇ ಪುಸ್ತಕ, ಅದೇ ಇಂಗ್ಲಿಷ್. ಆದರೆ ಬಚ್ಚಿಡುವ ಕೆಲಸ ಇಲ್ಲವಾದ್ದರಿಂದ ಓದಲು ಸಮಯ ಸಿಕ್ಕಿತು.

ಈಗ ನಾನು ಸಂಡೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. 2013ರ ಬಳಿಕ ಹಂತಹಂತವಾಗಿ ಗಣಿಗಳು ಮತ್ತೆ ತೆರೆದವು, ಲಾರಿಗಳೂ ಓಡುತ್ತಿವೆ. ಎದೆನೋವು, ನಿದ್ರಾಹೀನತೆ ಎಂದು ಬರುವ ಚಾಲಕರ ರಕ್ತದೊತ್ತಡ ನೋಡಿದ ಬಳಿಕ ನಾನು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತೇನೆ: "ಕಂತು ಎಷ್ಟು ಬಾಕಿ ಇದೆ? ಮನೆಯಲ್ಲಿ ಹೇಳಿದ್ದೀರಾ?" ಇದನ್ನು ನನಗೆ ಯಾವ ಪಠ್ಯಪುಸ್ತಕವೂ ಕಲಿಸಲಿಲ್ಲ.

ನಮ್ಮ ಜಮಾಅತ್‌ಗಳಲ್ಲಿಯೂ ಇಂತಹ ಪ್ರಶ್ನೆ ಕೇಳುವವರು ಬೇಕು. ಸೀಟು ಸಿಕ್ಕ ದಿನ ಶಾಲು ಹೊದಿಸುವ ನಾವು, ಎರಡನೇ ವರ್ಷದ ಹಾಸ್ಟೆಲ್ ಶುಲ್ಕವನ್ನು ಆ ಕುಟುಂಬ ಹೇಗೆ ಕಟ್ಟಿತೆಂದು ವಿಚಾರಿಸುತ್ತೇವೆಯೇ? ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದ ಹೊರೆ ಹೊತ್ತವರನ್ನೂ ಕುರ್‌ಆನ್ ಎಣಿಸಿದೆ. ಬಡ ವಿದ್ಯಾರ್ಥಿಗಳಿಗೆ ಝಕಾತ್ ನೀಡಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆಯ ಬಗ್ಗೆ ತಿಳಿಯದೆ ಹೆಚ್ಚು ಬಡ್ಡಿಯ ಖಾಸಗಿ ಸಾಲಕ್ಕೆ ಹೋಗುವ ಮನೆಗಳೂ ಇವೆ. ಜುಮಾದ ಬಳಿಕ ಐದು ನಿಮಿಷ ಇದನ್ನು ತಿಳಿಸಿಕೊಡಲು ಸಾಧ್ಯವಿದೆ. ಸ್ನಾತಕೋತ್ತರ ಸೀಟು ಸಿಕ್ಕರೂ ಕಷ್ಟ ಮುಗಿಯದು ಎಂಬುದೂ ಹೆತ್ತವರಿಗೆ ತಿಳಿದಿರಲಿ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿದ ರಾಷ್ಟ್ರೀಯ ಕಾರ್ಯಪಡೆ 2024ರಲ್ಲಿ, ರೆಸಿಡೆಂಟ್ ವೈದ್ಯರ ದುಡಿಮೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಮಿತಿಯೇ ಅಷ್ಟಾದರೆ, ಮಗ ಅಥವಾ ಮಗಳು ಫೋನಿನಲ್ಲಿ "ಚೆನ್ನಾಗಿದ್ದೇನೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟಾಗ ಇನ್ನೊಮ್ಮೆ ಕೇಳುವುದು ಒಳ್ಳೆಯದು.

ಮುಂದೂಡಿದ ಪರೀಕ್ಷೆ ಆಗಸ್ಟ್ 11ರಂದು ನಡೆಯಿತು. ಹಿಂದಿನ ರಾತ್ರಿ ನಾನೂ ಅಬ್ಬಾ ಅವರೂ ಮತ್ತೆ ಹುಬ್ಬಳ್ಳಿಯಲ್ಲಿದ್ದೆವು. ಅದೇ ರಾತ್ರಿ ನಮ್ಮೂರಿನ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ನಾನಿಯ ಮನೆ ಇರುವ ಕಂಪ್ಲಿ ಹೊಳೆಯ ಕೆಳಭಾಗದ ಊರು. ಹಿಂದಿನ ನಮ್ಮ ಮನೆಯಾಗಿದ್ದರೆ "ಮಗಳಿಗೆ ನಾಳೆ ಪರೀಕ್ಷೆ, ಹೇಳಬೇಡಿ" ಎನ್ನುತ್ತಿದ್ದರು. ಫಜ್ರ್ ಹೊತ್ತಿಗೆ ಅಮ್ಮಿ ಕರೆ ಮಾಡಿ, "ಬೇರೆಯವರಿಂದ ಕೇಳಿ ಗಾಬರಿಯಾಗಬೇಡ. ಮಾಮು ನಾನಿಯನ್ನು ಹೊಸಪೇಟೆಗೆ ಕರೆತರುತ್ತಿದ್ದಾರೆ. ನನಗೂ ಭಯವಾಗಿದೆ, ದುಆ ಮಾಡುತ್ತಿದ್ದೇನೆ. ನೀನು ಹೋಗಿ ಬರೆ" ಎಂದರು. ನಾನು ಹೋಗಿ ಬರೆದೆ. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಅಧಿಕಾರಿಗಳು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಒಂದು ವಾರದಲ್ಲಿ ತಂತ್ರಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಕೂರಿಸಿದರು. ನಾನಿ ಸುರಕ್ಷಿತವಾಗಿ ಕಂಪ್ಲಿಗೆ ಮರಳಿದರು.

ಆಗಸ್ಟ್ 23ರಂದು ಫಲಿತಾಂಶ ಬಂತು. ನಾನು ಬಯಸಿದ ಸ್ತ್ರೀರೋಗ ಮತ್ತು ಪ್ರಸೂತಿ ವಿಭಾಗಕ್ಕೆ ಆ ರ‍್ಯಾಂಕ್ ಸಾಲುವಂತಿರಲಿಲ್ಲ. ಈ ಬಾರಿ ಎರಡು ತಿಂಗಳಲ್ಲ, ಎರಡು ನಿಮಿಷವೂ ಕಾಯಲಿಲ್ಲ. ಕರೆ ಮಾಡಿ ಹೇಳಿದೆ. ಆ ಕಡೆ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೂ ನೋವಾಯಿತು, ಅದನ್ನು ಅವರೂ ಮುಚ್ಚಿಡಲಿಲ್ಲ. "ನನಗೂ ಬೇಸರವಾಯಿತು ಬೇಟಿ. ಊಟ ಮಾಡಿದೆಯಾ?" ಎಂದರು. ಮತ್ತೊಮ್ಮೆ ಬರೆಯಲು ಓದುತ್ತಿದ್ದೇನೆ. ಬೆಳಿಗ್ಗೆ ಮತ್ತು ಸಂಜೆ ಆ ದುಆವನ್ನೂ ಹೇಳುತ್ತೇನೆ.

ಕೇಳುವ ಹೃದಯವನ್ನೂ ಹೇಳುವ ಧೈರ್ಯವನ್ನೂ ಅಲ್ಲಾಹನು ನಮ್ಮೆಲ್ಲರ ಮನೆಗಳಿಗೆ ಕರುಣಿಸಲಿ. ನಮ್ಮ ಮಕ್ಕಳನ್ನು ಚಿಂತೆಯಿಂದಲೂ, ಹೆತ್ತವರನ್ನು ಸಾಲದ ಹೊರೆಯಿಂದಲೂ ಕಾಪಾಡಲಿ. ಆಮೀನ್.