ಎರಡು ತಲೆಯ ಹಕ್ಕಿಗೆ ಯಾಕೆ ಹೆದರಬೇಕು?

ಮನೆಯಲ್ಲಿರುವ ಜಾತಿ-ಆದಾಯ ಪ್ರಮಾಣಪತ್ರ ಒಮ್ಮೆ ತೆಗೆದು ನೋಡಿ. ತಲೆಯ ಮೇಲೆ ನಮ್ಮ ರಾಜ್ಯದ ಲಾಂಛನ ಇರುತ್ತದೆ. ನಡುವೆ ಎರಡು ತಲೆಯ ಹಕ್ಕಿ, ಅದೇ ಗಂಡಭೇರುಂಡ. ಅದರ ಎರಡೂ ಬದಿಗೆ ಸಿಂಹದ ಮೈ, ಆನೆಯ ತಲೆ ಇರುವ ಪ್ರಾಣಿಗಳು. ಮೇಲೆ ಅಶೋಕನ ಸಿಂಹಗಳು. ಕೆಳಗೆ ‘ಸತ್ಯಮೇವ ಜಯತೇ’. ಬಣ್ಣದಲ್ಲಿ ಅಚ್ಚಾಗಿದ್ದರೆ ಹಕ್ಕಿ ಬಿಳಿ, ಹಿಂದಿನ ಗುರಾಣಿ ಕೆಂಪು.

ಈ ಹಕ್ಕಿ ಮೈಸೂರು ಅರಸರದ್ದು ಅಂತ ನಾವೆಲ್ಲ ಕೇಳಿದ್ದೇವೆ. ಆದರೆ ಅದು ಅವರಿಗಿಂತ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ ಇದೆ. ಅಲ್ಲಿ ದೇಹ ಮನುಷ್ಯನದು, ತಲೆ ಮಾತ್ರ ಹಕ್ಕಿಯದು. ವಿಜಯನಗರದ ಅಚ್ಯುತರಾಯ ಇದನ್ನು ನಾಣ್ಯದ ಮೇಲೆ ಹಾಕಿಸಿದ. ಕೆಳದಿಯ ದೇವಸ್ಥಾನದಲ್ಲೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಹೀಗೆ ಕೈಯಿಂದ ಕೈಗೆ ಬಂದು ಕೊನೆಗೆ ಮೈಸೂರು ಸೇರಿತು.

ಇದರ ಅರ್ಥ ತಿಳಿಯಬೇಕಾದರೆ ಬೇಲೂರಿಗೆ ಹೋಗಬೇಕು. ಚೆನ್ನಕೇಶವ ದೇವಸ್ಥಾನದಲ್ಲಿ ಒಂದು ಕೆತ್ತನೆ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಎಲ್ಲರಿಗಿಂತ ಬಲಶಾಲಿ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇಕಿಲ್ಲ. ಅರಸರಿಗೆ ಈ ಹಕ್ಕಿ ಯಾಕೆ ಹಿಡಿಸಿತು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ನನ್ನ ಕಣ್ಣು ಮಾತ್ರ ಪ್ರತಿ ಸಲ ಕೆಳಗಿನ ಜಿಂಕೆಯ ಮೇಲೇ ನಿಲ್ಲುತ್ತದೆ.

ಯಾಕೆಂದರೆ ನಮ್ಮೂರಲ್ಲಿ ಲಾಂಛನ ಇರುವ ಕಾಗದ ಬಂದರೆ ಜನ ಆ ಜಿಂಕೆಯ ಹಾಗೇ ಆಗುತ್ತಾರೆ. ಪತ್ರಿಕೆಗೆ ಬರೆಯುವವನು ಅಂತ ನನ್ನ ಹತ್ತಿರ ತರುತ್ತಾರೆ. ಹೋದ ವರ್ಷ ಪಕ್ಕದ ಬೀದಿಯ ಅಜ್ಜಿಯೊಬ್ಬರು ಒಂದು ಲಕೋಟೆ ತಂದರು. ಒಂಬತ್ತು ದಿನ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದರಂತೆ. “ಮಗಾ, ಸರ್ಕಾರದ್ದು ಕಣಪ್ಪ, ಜಮೀನು ಕಿತ್ಕೊತಾರೇನೋ” ಅಂದರು. ಒಡೆದು ಓದಿದೆ. ಪಿಂಚಣಿಗೆ ಆಧಾರ್ ಪ್ರತಿ ಕೊಡಿ ಅಂತ ಬರೆದಿತ್ತು, ಅಷ್ಟೇ. ಕೊಡಲು ಇನ್ನು ಆರು ದಿನ ಮಾತ್ರ ಉಳಿದಿತ್ತು. ಇಂಥ ಭಯವೇ ದಲ್ಲಾಳಿಗಳ ಬಂಡವಾಳ.

ಮೈಸೂರು ಅರಮನೆಯ ಪೂರ್ವ ದ್ವಾರದ ಮೇಲೆ ಅರಸರ ಲಾಂಛನದ ಸುತ್ತ ‘ನ ಬಿಭೇತಿ ಕದಾಚನ’ ಎಂದಿದೆ. ಎಂದಿಗೂ ಹೆದರುವುದಿಲ್ಲ ಎಂದು ಅರ್ಥ. ಅದು ದೊರೆಯ ಮಾತು. ದೊರೆಗಳ ಕಾಲ ಮುಗಿಯಿತು. ಹಕ್ಕಿ ಉಳಿಯಿತು, ಅದರ ನೆತ್ತಿಯ ಮೇಲೆ ಗಣರಾಜ್ಯದ ಸಿಂಹಗಳು ಬಂದವು, ಕೆಳಗೆ ಸತ್ಯವೇ ಗೆಲ್ಲುತ್ತದೆ ಅನ್ನುವ ಮಾತು ಬಂತು. ಈಗ ಆ ಹಕ್ಕಿಗೆ ಒಡೆಯರು ನಾವು. ಹಾಗಾದರೆ ಹೆದರುವುದಿಲ್ಲ ಅನ್ನುವ ಹಳೆಯ ಮಾತೂ ನಮ್ಮ ಪಾಲಿಗೇ ಬರಬೇಕಲ್ಲವೇ?

ಇನ್ನೊಂದು ಮಾತು. ಮೊಬೈಲ್ ಇರುವ ಯಾರು ಬೇಕಾದರೂ ಈ ಲಾಂಛನ ಅಂಟಿಸಿ ಸುಳ್ಳು ಆದೇಶ ಹರಿಬಿಡಬಹುದು. ಹಾಗಾಗಿ ಹಕ್ಕಿಯನ್ನಷ್ಟೇ ನೋಡಿ ನಂಬಬೇಡಿ, ಹಕ್ಕಿಯನ್ನು ನೋಡಿ ಅಂಜಲೂಬೇಡಿ. ಪತ್ರದ ಸಂಖ್ಯೆ, ದಿನಾಂಕ, ಸಹಿ, ಅಧಿಕಾರಿಯ ಹುದ್ದೆ ಓದಿ. ಯಾವ ತಾರೀಕಿನೊಳಗೆ ಏನು ಕೇಳಿದ್ದಾರೆ ನೋಡಿ. ಅರ್ಥವಾಗದಿದ್ದರೆ ಅದೇ ಕಚೇರಿಗೆ ಹೋಗಿ ಕೇಳಿ. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರದ ಕಾಗದದ ಮೇಲೂ ಇದೇ ಹಕ್ಕಿ ಇರುತ್ತದೆ. ಆಗ ಅದು ಬಂದಿರುವುದು ನೀವು ಕರೆದಿದ್ದಕ್ಕೆ.