ಸ್ವಲ್ಪ ಸರಿದು ಜಾಗ ಕೊಡಿ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಮೆಕ್ಸಿಕೊ ಗಡಿಗೆ ಹತ್ತಿರದಲ್ಲಿ, ಸ್ಯಾನ್ ಡಿಯಾಗೊ ಎಂಬ ನಗರವಿದೆ. ಅಲ್ಲಿನ ಬಂದರಿನಲ್ಲಿ ‘ಮಿಡ್‌ವೇ’ ಎಂಬ ಹಳೆಯ ವಿಮಾನವಾಹಕ ನೌಕೆ ನಿಂತಿದೆ. ವಿಮಾನವಾಹಕ ನೌಕೆ ಎಂದರೆ ಸಮುದ್ರದ ಮೇಲೆ ತೇಲುವ ವಿಮಾನ ನಿಲ್ದಾಣ. ಇದು 1945ರಲ್ಲಿ ನೌಕಾಪಡೆಗೆ ಸೇರಿ 1992ರಲ್ಲಿ ನಿವೃತ್ತಿಯಾಯಿತು. 2004ರಿಂದ ವಸ್ತುಸಂಗ್ರಹಾಲಯವಾಗಿದೆ. ನನ್ನ ಹಾಗೆ ಅದಕ್ಕೂ ಈಗ ಪಿಂಚಣಿ ಕಾಲ. ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನ ಜೊತೆ ಒಂದು ಇಡೀ ದಿನ ಅದರ ಮೇಲೆ ಸುತ್ತಾಡಿದೆ.

ಹಡಗಿನ ಉದ್ದ ಸುಮಾರು ಸಾವಿರ ಅಡಿ. ಮೇಲಿನ ಡೆಕ್ ನಾಲ್ಕು ಎಕರೆ. ನೋಡಲು ಬೃಹತ್ತಾಗಿ ಕಾಣುತ್ತದೆ. ಆದರೆ ಮಕ್ಕಳೇ, ನಾಲ್ಕು ಎಕರೆ ಹೊಲವಿದ್ದವರನ್ನು ನಮ್ಮೂರಿನಲ್ಲಿ ಯಾರೂ ಜಮೀನ್ದಾರರು ಎನ್ನುವುದಿಲ್ಲ! ಅಷ್ಟೇ ಜಾಗದಲ್ಲಿ ಹತ್ತಾರು ವಿಮಾನಗಳು ನಿಲ್ಲಬೇಕು, ಏರಬೇಕು, ಇಳಿಯಬೇಕು, ಇಂಧನ ತುಂಬಿಸಿಕೊಳ್ಳಬೇಕು. ಅದಕ್ಕೇ ಇಲ್ಲಿನ ವಿಮಾನಗಳು ಹಕ್ಕಿಯ ಹಾಗೆ ರೆಕ್ಕೆ ಮಡಚಿಕೊಳ್ಳುತ್ತವೆ. ಹಡಗಿನ ಅಂಚಿನಲ್ಲಿರುವ ದೊಡ್ಡ ಲಿಫ್ಟ್‌ಗಳು ಅವನ್ನು ಕೆಳಗಿನ ಅಂತಸ್ತಿಗೆ ಇಳಿಸುತ್ತವೆ.

“ತಾತ, ಇಷ್ಟೊಂದು ವಿಮಾನಾನ ಯಾರು ಪಾರ್ಕ್ ಮಾಡ್ತಾರೆ? ಪೈಲಟ್ಟಾ?” ಎಂದು ಮೊಮ್ಮಗ ಕೇಳಿದ. ಅಲ್ಲಿ ವಿವರಣೆ ಕೊಡುವವರಲ್ಲಿ ಅನೇಕರು ನಿವೃತ್ತ ನಾವಿಕರು. ಅಂಥ ಒಬ್ಬರು ನಕ್ಕು, ಪೈಲಟ್ ಕೂಡ ಡೆಕ್ ಮೇಲೆ ಇನ್ನೊಬ್ಬರ ಮಾತು ಕೇಳಬೇಕು ಎಂದರು. ಎಂಜಿನ್ನುಗಳ ಅಬ್ಬರದಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಅದು ಕೈಸನ್ನೆಯ ಮಾತು. ಸೊಂಟದ ಮೇಲೆ ಮಾಡಿದ ಸನ್ನೆ ಪೈಲಟ್‌ಗೆ, ಸೊಂಟದ ಕೆಳಗೆ ಮಾಡಿದ್ದು ಡೆಕ್‌ನ ಕೆಲಸಗಾರರಿಗೆ.

ಯಾರು ಯಾರೆಂದು ಅಂಗಿಯ ಬಣ್ಣದಿಂದಲೇ ತಿಳಿಯುತ್ತದೆ. ಹಳದಿ ಅಂಗಿಯವರು ವಿಮಾನಗಳಿಗೆ ದಾರಿ ತೋರಿಸುವವರು. ನೇರಳೆ ಬಣ್ಣದವರು ಇಂಧನ ತುಂಬುವವರು. ಕೆಂಪು ಅಂಗಿಯವರಿಗೆ ಮದ್ದುಗುಂಡು, ಬೆಂಕಿ ಅವಘಡಗಳ ಕೆಲಸ. ನೀಲಿ ಅಂಗಿಯವರು ಟ್ರ್ಯಾಕ್ಟರ್‌ನಿಂದ ವಿಮಾನ ಎಳೆಯುವವರು, ನೂಕುವವರು, ಲಾರಿ ಚಕ್ರಕ್ಕೆ ಕಲ್ಲು ಕೊಡುವಂತೆ ಚಕ್ರಗಳಿಗೆ ಅಡ್ಡ ಇಡುವವರು, ಸರಪಳಿಯಿಂದ ವಿಮಾನವನ್ನು ಡೆಕ್‌ಗೆ ಬಿಗಿಯುವವರು. ಕಟ್ಟದಿದ್ದರೆ ಹಡಗು ವಾಲಿದಾಗ ವಿಮಾನ ಉರುಳಿ ಹೋದೀತು. ಇವರಲ್ಲಿ ಹೆಚ್ಚಿನವರು ಹದಿನೆಂಟು ಇಪ್ಪತ್ತರ ಹುಡುಗರು.

ಒಂದು ಕೋಣೆಯಲ್ಲಿ ಇವರಿಗೆಲ್ಲ ಒಂದು ಮೇಜು. ಅದರ ಮೇಲೆ ಡೆಕ್‌ನ ನಕ್ಷೆ, ನಕ್ಷೆಯ ಮೇಲೆ ವಿಮಾನದಾಕಾರದ ಪುಟ್ಟ ತುಂಡುಗಳು. ವಿಮಾನ ಸರಿದಂತೆಲ್ಲ ಚೌಕಾಬಾರದ ಕಾಯಿಯಂತೆ ತುಂಡನ್ನೂ ಸರಿಸುವುದು. ಇಂಧನ ಬೇಕು, ರಿಪೇರಿ ಆಗಬೇಕು ಎನ್ನುವುದಕ್ಕೆಲ್ಲ ಅದರ ಮೇಲೊಂದು ನಟ್ಟನ್ನೋ ಪಿನ್ನನ್ನೋ ಇಟ್ಟು ಗುರುತು ಮಾಡುವುದು.

ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿತು. ಹಾರಾಟ ಶುರುವಾಗುವ ಮುಂಚೆ ಎಲ್ಲರೂ ಸಾಲಾಗಿ ನಿಂತು, ತಲೆ ಬಗ್ಗಿಸಿ, ಡೆಕ್‌ನ ಉದ್ದಕ್ಕೂ ನಡೆಯುತ್ತಾ ಬಿದ್ದಿರುವ ಸ್ಕ್ರೂ, ತಂತಿ ಚೂರುಗಳನ್ನು ಹೆಕ್ಕುತ್ತಾರೆ. ಒಂದು ಸಣ್ಣ ಸ್ಕ್ರೂ ಒಳಗೆ ಹೋದರೂ ಜೆಟ್ ಎಂಜಿನ್ ಹಾಳಾಗಬಹುದು. ಬ್ಯಾಂಕಿನಲ್ಲಿ ಸಂಜೆ ಹತ್ತು ಪೈಸೆ ತಾಳೆಯಾಗದಿದ್ದರೆ ನಾವೆಲ್ಲ ಮನೆಗೆ ಹೋಗದೆ ಹುಡುಕುತ್ತಿದ್ದೆವು. ಅದೇ ಶಿಸ್ತು. ನಮ್ಮ ಕಾರವಾರದ ಕದಂಬ ನೌಕಾನೆಲೆಗೆ ಸೇರಿದ ‘ವಿಕ್ರಮಾದಿತ್ಯ’ ನೌಕೆಯಲ್ಲೂ ವಿಮಾನ ಹಾರುವುದರ ಹಿಂದೆ ಇಂಥ ಕೈಗಳೇ ಇರುತ್ತವೆ.

ಈ ಡೆಕ್ ಮೇಲೆ ನಡೆದ ಒಂದು ಘಟನೆಯನ್ನು ಹೇಳಲೇಬೇಕು. 1975ರ ಏಪ್ರಿಲ್ ಕೊನೆ. ವಿಯೆಟ್ನಾಂ ಯುದ್ಧ ಮುಗಿಯುತ್ತಿತ್ತು, ಸೈಗಾನ್ ನಗರ ಬೀಳುವುದರಲ್ಲಿತ್ತು. ಜನ ಜೀವ ಉಳಿಸಿಕೊಳ್ಳಲು ಹೆಲಿಕಾಪ್ಟರ್‌ಗಳಲ್ಲಿ ಅಮೆರಿಕದ ಹಡಗುಗಳಿಗೆ ಬರುತ್ತಿದ್ದರು. ಮಿಡ್‌ವೇಯ ಡೆಕ್ ಹೆಲಿಕಾಪ್ಟರ್‌ಗಳಿಂದ ತುಂಬಿಹೋಗಿತ್ತು. ಆಗ ಎರಡೇ ಸೀಟಿನ ಒಂದು ಪುಟ್ಟ ವಿಮಾನ ಹಡಗನ್ನು ಸುತ್ತತೊಡಗಿತು. ಅದರಲ್ಲಿ ದಕ್ಷಿಣ ವಿಯೆಟ್ನಾಂ ವಾಯುಪಡೆಯ ಮೇಜರ್ ಬುವಾಂಗ್ ಲಿ, ಅವರ ಹೆಂಡತಿ, ಐದು ಮಕ್ಕಳು!

ಅವರು ಮೇಲಿನಿಂದ ಹಾಕಿದ ಮೊದಲ ಚೀಟಿಗಳು ಗಾಳಿಗೆ ಹಾರಿಹೋದವು. ಕೊನೆಗೆ ಒಂದು ಚೀಟಿಯನ್ನು ಪಿಸ್ತೂಲಿನ ಚೀಲದೊಳಗೆ ಇಟ್ಟು ಎಸೆದರು. ಹೆಲಿಕಾಪ್ಟರ್‌ಗಳನ್ನು ಸರಿಸಿದರೆ ಇಳಿಯಬಲ್ಲೆ, ಇನ್ನೊಂದು ಗಂಟೆ ಹಾರಬಲ್ಲೆ, ಕಾಪಾಡಿ ಎಂದು ಅದರಲ್ಲಿತ್ತು. ನೀರಿನ ಮೇಲೆ ಇಳಿದರೆ ವಿಮಾನ ಮಗುಚಿ ಮಕ್ಕಳು ಉಳಿಯುವುದಿಲ್ಲವೆಂದು ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ಅವರಿಗೆ ಗೊತ್ತಿತ್ತು. ಸರಿಸಲು ಜಾಗವಿಲ್ಲದ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೆ ನೂಕಿ ಎಂದು ಅವರು ಆಜ್ಞೆ ಮಾಡಿದರು. ಇದಕ್ಕಾಗಿ ತಮ್ಮನ್ನು ಸೇನಾ ನ್ಯಾಯಾಲಯಕ್ಕೆ ಎಳೆಯಬಹುದೆಂಬ ಅರಿವೂ ಅವರಿಗಿತ್ತು. ಬಿಡುವಿದ್ದವರೆಲ್ಲ ದೊಡ್ಡ ಹುದ್ದೆ, ಸಣ್ಣ ಹುದ್ದೆ ನೋಡದೆ ಮೇಲೆ ಬಂದು ಕೈಹಾಕಿದರು.

ಪುಟ್ಟ ವಿಮಾನಕ್ಕೆ ಕೊಕ್ಕೆ ಇರಲಿಲ್ಲ. ಆದ್ದರಿಂದ ಜೆಟ್‌ಗಳನ್ನು ಹಿಡಿದು ನಿಲ್ಲಿಸುವ ತಂತಿಗಳನ್ನೂ ತೆಗೆಸಿದರು. ಹಡಗನ್ನು ಗಾಳಿಗೆ ಎದುರಾಗಿ ಜೋರಾಗಿ ಓಡಿಸಿದರು. ಎದುರುಗಾಳಿ ಹೆಚ್ಚಿದಷ್ಟೂ ವಿಮಾನಕ್ಕೆ ನಿಲ್ಲಲು ಬೇಕಾದ ಜಾಗ ಕಡಿಮೆ. ಬುವಾಂಗ್ ಲಿ ಇಳಿದರು. ವಿಮಾನ ಪುಟಿದು, ಸ್ವಲ್ಪ ಓಡಿ, ನಿಂತಿತು. ಏಳೂ ಜನ ಕ್ಷೇಮ. ಹಡಗಿನವರೇ ಆ ಕುಟುಂಬಕ್ಕಾಗಿ ಹಣ ಕೂಡಿಸಿದರು. ಆ ವಿಮಾನ ಈಗ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿದೆ. ಚೇಂಬರ್ಸ್ ಮುಂದೆ ರಿಯರ್ ಅಡ್ಮಿರಲ್ ಹುದ್ದೆಗೇರಿದರು.

“ತಾತ, ಅಷ್ಟೊಂದು ಹೆಲಿಕಾಪ್ಟರ್ ನೀರಿಗೆ ಹಾಕಿದ್ರೆ ನಷ್ಟ ಅಲ್ವಾ?” ಎಂದ ಮೊಮ್ಮಗ. ಖರ್ಚಿನ ಕಡೆ ಹೆಲಿಕಾಪ್ಟರ್ ಬರಿ, ಜಮಾ ಕಡೆ ಏಳು ಜೀವ ಬರಿ, ಆಮೇಲೆ ಕೂಡಿ ನೋಡು ಎಂದೆ. ಅವನು ಬೆರಳು ಮಡಚಿ ಐದು ಮಕ್ಕಳನ್ನು ಎಣಿಸಿ, “ಹಾಗಾದ್ರೆ ಲಾಭವೇ” ಎಂದ.