ಏಳು ಸಾವಿರದ ಲೆಕ್ಕ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಪಾಸ್ ಮಾಡಿದ್ದ ಒಂದು ಸಾಲ ಎನ್‌ಪಿಎ ಆಗಿ, ಮೇಲಿನಿಂದ ಮೆಮೊ ಬಂತು. ತಪ್ಪು ಪೂರ್ತಿ ನನ್ನದಲ್ಲ. ಆದರೆ ಸಹಿ ನನ್ನದೇ! ಅವತ್ತಿನಿಂದ ಬೆಳಗಿನ ಜಾವ 3ಕ್ಕೆ ಎಚ್ಚರ. ಕೆಲಸ ಹೋಯಿತು, ಪಿಂಚಣಿ ಹೋಯಿತು, ಮಗಳ ಮದುವೆ ನಿಂತಿತು... ಮನಸ್ಸು ಇನ್ನೂ ಆಗದ್ದನ್ನೆಲ್ಲ ನಷ್ಟದ ಖಾತೆಗೆ ಬರೆಯುತ್ತಿತ್ತು. ಮುಂಬೈ ಲೋಕಲ್‌ನ ಆ ಜನಜಂಗುಳಿಯಲ್ಲೂ ನಾನೊಬ್ಬನೇ ಅನ್ನಿಸುತ್ತಿತ್ತು.

ಒಂದು ರಾತ್ರಿ ಅಮ್ಮ ಊರಿಂದ ಕೊಟ್ಟು ಕಳಿಸಿದ್ದ ಕನ್ನಡ ಬೈಬಲ್ ತೆರೆದೆ. 1 ಅರಸುಗಳು, 19ನೇ ಅಧ್ಯಾಯ. ಪ್ರವಾದಿ ಎಲೀಯ ರಾಣಿ ಈಜೆಬೆಲ್‌ಗೆ ಹೆದರಿ ಓಡಿ, ಅಡವಿಯಲ್ಲಿ ಗಿಡದಡಿ ಕೂತು ಸಾವನ್ನೇ ಬೇಡುತ್ತಾನೆ. ದೇವರು ಬಯ್ಯುವುದಿಲ್ಲ. ದೂತನ ಕೈಲಿ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ, ನೀರು. ಆಮೇಲೆ ಹೋರೇಬ್ ಬೆಟ್ಟದಲ್ಲಿ, ಉಳಿದವನು ತಾನೊಬ್ಬನೇ ಎಂದು ಎರಡು ಸಲ ದೂರುತ್ತಾನೆ. ದೇವರ ಲೆಕ್ಕದಲ್ಲಿ ಉಳಿದವರು 7,000!

ಬ್ಯಾಂಕಿನವನಿಗೆ ಇದು ತಟ್ಟನೆ ಹೊಳೆಯಿತು. ನನ್ನ ಲೆಕ್ಕ ಟ್ಯಾಲಿ ಆಗಿರಲಿಲ್ಲ. ಆಮೇಲೆ ಎಚ್ಚರವಾದಾಗಲೆಲ್ಲ ಮಂಡಿಯೂರಿ, ಹೆದರಿಕೆಗಳನ್ನು ಒಂದೊಂದಾಗಿ ದೇವರಿಗೆ ಹೇಳಿದೆ. ನಂತರ ಉಳಿದಿರುವುದನ್ನು ಎಣಿಸಿದೆ: ಹೆಂಡತಿ, ಮಗಳು, ಚರ್ಚಿನ ಇಬ್ಬರು ಗೆಳೆಯರು, ಬೆಳಗಿನ ಚಹಾ. ಆ ಗೆಳೆಯರಿಗೆ ವಿಷಯ ತಿಳಿಸಿದೆ. ಡಾಕ್ಟರ ಹತ್ತಿರವೂ ಹೋದೆ. ಎಲೀಯನಿಗೆ ರೊಟ್ಟಿ, ನೀರು ಕಳಿಸಿದ್ದೂ ದೇವರೇ ಅಲ್ಲವೇ?

ವಿಚಾರಣೆ 8 ತಿಂಗಳು ನಡೆದು ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯಿತು. ಪ್ರಾರ್ಥನೆ ಮೆಮೊವನ್ನು ಅಳಿಸಲಿಲ್ಲ. ಆದರೆ ಆ ಪತ್ರ ಬರುವ ಎಷ್ಟೋ ಮೊದಲೇ ನಿದ್ದೆ ಬಂದಿತ್ತು.

ಈಗಲೂ ಒಮ್ಮೊಮ್ಮೆ 3ಕ್ಕೆ ಎಚ್ಚರವಾಗುತ್ತದೆ. ಎಣಿಸಲು ಶುರು ಮಾಡುತ್ತೇನೆ... ಏಳು ಸಾವಿರ ಇರಲಿ, ಇಪ್ಪತ್ತು ಮುಟ್ಟುವುದರೊಳಗೆ ನಿದ್ದೆ!